ಮುಪ್ಪಿನ ಮನೆಯ ಮುಚ್ಚಿದ ಬಾಗಿಲು

ವಯಸ್ಸಾದವರೊಬ್ಬರಿಂದ ಕನ್ನಡಕ, ಕಟ್ಟಿಸಿದ ಹಲ್ಲು, ಕಿವಿಯ ಶ್ರವಣ ಯಂತ್ರ ಈ ಮೂರನ್ನು ತೆಗೆದಿಟ್ಟುಬಿಟ್ಟರೆ ಏನಾಗುತ್ತದೆ? ಓದಲಾಗುವುದಿಲ್ಲ, ಎದುರಿಗೆ ಬಂದವರ ಗುರುತು ಹತ್ತುವುದಿಲ್ಲ. ಊಟ ರುಚಿಸುವುದಿಲ್ಲ, ಮಾತು ತೊದಲುತ್ತದೆ. ಪ್ರಶ್ನೆ ಸರಿಯಾಗಿ ಕಿವಿಗೆ ಬೀಳದೆ ಉತ್ತರ ಅಡ್ಡಾದಿಡ್ಡಿಯಾಗುತ್ತದೆ. ಕೆಲವು ವಾರ ಕಳೆದರೆ ಸಾಕು, ನೋಡಿದವರು ‘ಪಾಪ, ಅರಳು ಮರಳು’ ಎಂದು ತೀರ್ಮಾನಿಸಿಬಿಡುತ್ತಾರೆ. ಒಂದೇಟು ಹೊಡೆಯದೆ, ಒಂದು ಬೈಗುಳವನ್ನೂ ಆಡದೆ ಮನುಷ್ಯನೊಬ್ಬನನ್ನು ಹೀಗೆ ಲೆಕ್ಕಕ್ಕಿಲ್ಲದವನನ್ನಾಗಿ ಮಾಡಬಹುದು.

ಬ್ರಿಟನ್ನಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇದು ನಿತ್ಯದ ಪದ್ಧತಿಯಾಗಿದೆ ಎಂಬ ಆರೋಪ 1965ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆರೋಪ ಮಾಡಿದವರಲ್ಲಿ ಹೆಚ್ಚಿನವರು ವೈದ್ಯರಲ್ಲ, ಅಧಿಕಾರಿಗಳೂ ಅಲ್ಲ. ಅವರಲ್ಲಿ ಮುಖ್ಯರಾದವರು ಪರಿಚಯದ ವೃದ್ಧೆಯೊಬ್ಬರನ್ನು ನೋಡಿಬರಲು ಹೋಗಿದ್ದ ಒಬ್ಬ ಮಹಿಳೆ. ಆಶ್ರಯ ಕೊಡುವ ಸಂಸ್ಥೆಗಳಲ್ಲಿ ವೃದ್ಧರ ಮೇಲೆ ನಡೆಯುವ ದೌರ್ಜನ್ಯದ ಇತಿಹಾಸವನ್ನು ತಿರುವಿ ಹಾಕಿದರೆ ಇದೊಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ತಪ್ಪನ್ನು ಮೊದಲು ಕಂಡು ಹೇಳಿದವರು ಸಂಸ್ಥೆಯನ್ನು ನಡೆಸುವವರಲ್ಲ. ಹೊರಗಿನಿಂದ ನೋಡಲು ಬಂದವರು, ಇಲ್ಲವೇ ಒಳಗಿನ ಕೆಳಹಂತದ ನೌಕರರು. ಅವರ ಮಾತಿಗೆ ಬೆಲೆ ಬರಲು ಹಿಡಿದ ಕಾಲ ಮಾತ್ರ ದೀರ್ಘವಾದದ್ದು.

ದುಡಿಮೆ ಮನೆಯ ದಿನಗಳು

ಬ್ರಿಟನ್ನಿನಲ್ಲಿ ಗತಿಯಿಲ್ಲದ ವೃದ್ಧರಿಗೆ ಬಹುಕಾಲ ಇದ್ದ ಕೊನೆಯ ಆಸರೆ ‘ವರ್ಕ್‌ಹೌಸ್’, ಅಂದರೆ ದುಡಿಮೆ ಮನೆ. 1834ರ ಬಡವರ ಕಾಯಿದೆ ಇದಕ್ಕೊಂದು ಕಠಿಣ ತತ್ವವನ್ನು ಒದಗಿಸಿತು. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಕಾರನ ಬದುಕಿಗಿಂತ ಕೀಳಾಗಿರಬೇಕು, ಇಲ್ಲವಾದರೆ ಸೋಮಾರಿಗಳು ಬಂದು ತುಂಬಿಕೊಳ್ಳುತ್ತಾರೆ ಎಂಬುದು ಅದರ ತರ್ಕ. ಆ ನಿಯಮದ ಕಣ್ಣು ಇದ್ದದ್ದು ಗಟ್ಟಿಮುಟ್ಟಾದ ನಿರುದ್ಯೋಗಿಗಳ ಮೇಲೆ. ಆದರೆ ಬಾಗಿಲು ದಾಟಿ ಒಳಗೆ ಬಂದವರಲ್ಲಿ ಮುದುಕರು, ರೋಗಿಗಳು, ಅನಾಥ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಸೋಮಾರಿಗಳನ್ನು ಹೆದರಿಸಲು ಮಾಡಿದ ಮನೆಯಲ್ಲಿ ದುಡಿಯಲಾರದವರು ದಿನ ನೂಕಬೇಕಾಯಿತು.

ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗಗಳಿದ್ದುದರಿಂದ ಜೀವಮಾನವಿಡೀ ಜೊತೆಗಿದ್ದ ಗಂಡ ಹೆಂಡಿರು ಇಲ್ಲಿ ಅಗಲಬೇಕಾಗುತ್ತಿತ್ತು. 60 ದಾಟಿದ ದಂಪತಿ ಬಯಸಿದರೆ ಒಟ್ಟಿಗಿರಬಹುದು ಎಂದು ಕಾನೂನು ಸಡಿಲವಾದದ್ದು 1847ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಆ್ಯಂಡೋವರ್ ಎಂಬ ಊರಿನ ದುಡಿಮೆ ಮನೆಯಿಂದ ದೇಶವೇ ತಲೆತಗ್ಗಿಸುವ ಸುದ್ದಿ ಹೊರಬಿದ್ದಿತ್ತು. ಗೊಬ್ಬರಕ್ಕಾಗಿ ಪ್ರಾಣಿಗಳ ಮೂಳೆ ಕುಟ್ಟುವುದು ಅಲ್ಲಿನವರ ಕೆಲಸ. ಹಸಿವು ತಾಳಲಾರದೆ ಅವರು ಆ ಮೂಳೆಗಳಿಗೆ ಅಂಟಿದ್ದ ಕೊಳೆತ ಮಾಂಸವನ್ನೂ ಒಳಗಿನ ಮಜ್ಜೆಯನ್ನೂ ತಿನ್ನುತ್ತಿದ್ದರು. ಸಂಸತ್ತಿನ ಸಮಿತಿ 1846ರಲ್ಲಿ ವಿಚಾರಣೆ ನಡೆಸಿತು. ಮರುವರ್ಷ ಬಡವರ ಕಾಯಿದೆಯ ಆಯೋಗವನ್ನೇ ರದ್ದುಮಾಡಿ ಅದರ ಜಾಗದಲ್ಲಿ ಹೊಸ ಮಂಡಳಿಯನ್ನು ನೇಮಿಸಲಾಯಿತು.

ಈ ಬಾಗಿಲನ್ನು ಹೊರಗಿನಿಂದ ತಟ್ಟಿದವರಲ್ಲಿ ಲೂಯಿಸಾ ಟ್ವೈನಿಂಗ್ ಪ್ರಮುಖರು. ಹೆಸರಾಂತ ಟ್ವೈನಿಂಗ್ ಚಹಾ ವ್ಯಾಪಾರಿಗಳ ಮನೆತನದ ಈಕೆ 1853ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ದುಡಿಮೆ ಮನೆಗೆ ಹೋದದ್ದು ಅಲ್ಲಿ ಸೇರಿದ್ದ ಪರಿಚಯದ ಮುದಿ ದಾದಿಯೊಬ್ಬಳನ್ನು ಕಾಣಲೆಂದು. ಕಂಡದ್ದು ಮನಸ್ಸನ್ನು ಕಲಕಿತು. ತನ್ನಂತೆ ಇನ್ನೂ ಕೆಲವು ಮಹಿಳೆಯರು ನಿಯಮಿತವಾಗಿ ಬಂದು ಒಳಗಿನವರೊಡನೆ ಮಾತನಾಡಲು ಅವಕಾಶ ಕೊಡಿ ಎಂದು ಕೇಳಿದರು. ಅಧಿಕಾರಿಗಳು ಒಪ್ಪಲಿಲ್ಲ. ಟ್ವೈನಿಂಗ್ ಪಟ್ಟು ಬಿಡದೆ ಓಡಾಡಿದರು. 1858ರಲ್ಲಿ ದುಡಿಮೆ ಮನೆಗಳಿಗೆ ಭೇಟಿ ಕೊಡುವವರ ಸಂಘವೇ ಹುಟ್ಟಿತು. 1865ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ತಾನೇ ವೈದ್ಯರನ್ನು ಕಳುಹಿಸಿ ಲಂಡನ್ನಿನ ದುಡಿಮೆ ಮನೆಗಳ ಆಸ್ಪತ್ರೆ ವಿಭಾಗಗಳನ್ನು ತಪಾಸಣೆ ಮಾಡಿಸಿತು. ರೋಗಿಗಳ ಆರೈಕೆ ಎಷ್ಟೋ ಕಡೆ ತರಬೇತಿಯೇ ಇಲ್ಲದ, ಸ್ವತಃ ಅಶಕ್ತರಾಗಿದ್ದ ಒಳಗಿನ ಬಡ ಹೆಂಗಸರ ಕೈಯಲ್ಲಿದ್ದುದು ಆಗ ಲೋಕಕ್ಕೆ ತಿಳಿಯಿತು.

ಹೆಸರು ಬದಲಾಯಿತು, ಗೋಡೆ ಬದಲಾಗಲಿಲ್ಲ

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಅಧ್ಯಾಯವನ್ನು ಮುಚ್ಚಿಬಿಡುವ ಸಂಕಲ್ಪ ಮೂಡಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ದಿನವೇ ಹಳೆಯ ಬಡವರ ಕಾಯಿದೆ ಕೊನೆಗೊಂಡಿತು. ವೃದ್ಧರಿಗೆ ವಸತಿ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ಇನ್ನು ಮುಂದೆ ವೃದ್ಧರು ಹೋಟೆಲಿಗೆ ಬಂದ ಅತಿಥಿಗಳಂತೆ ಇರುತ್ತಾರೆ, ದಾನಕ್ಕೆ ಕೈಯೊಡ್ಡಿದವರಂತಲ್ಲ ಎಂಬುದು ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಅವರ ಆಶಯವಾಗಿತ್ತು.

ಆಶಯ ದೊಡ್ಡದು, ಬೊಕ್ಕಸ ಚಿಕ್ಕದು. ಯುದ್ಧದಲ್ಲಿ ಸೊರಗಿದ ದೇಶಕ್ಕೆ ಹೊಸ ಕಟ್ಟಡ ಕಟ್ಟಲು ಇಟ್ಟಿಗೆಯೂ ಇರಲಿಲ್ಲ, ಹಣವೂ ಇರಲಿಲ್ಲ. ಹಳೆಯ ದುಡಿಮೆ ಮನೆಗಳೇ ಫಲಕ ಬದಲಾಯಿಸಿಕೊಂಡು ಕೆಲವು ಆಸ್ಪತ್ರೆಗಳಾದವು, ಕೆಲವು ವೃದ್ಧರ ವಸತಿಗಳಾದವು. ಹತ್ತು ವರ್ಷ ಕಳೆದ ಮೇಲೆ ಸಮಾಜ ವಿಜ್ಞಾನಿ ಪೀಟರ್ ಟೌನ್‌ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ವೃದ್ಧರ ವಸತಿಗಳನ್ನು ಸುತ್ತಿ ನೋಡಿದರು. ಒಂದು ಕಡೆ ಸಹಾಯಕನಾಗಿ ದುಡಿದು ಸ್ನಾನ ಮಾಡಿಸುವ ಕೆಲಸವನ್ನೂ ಮಾಡಿದರು. 1962ರಲ್ಲಿ ಹೊರಬಂದ ಅವರ ‘ದಿ ಲಾಸ್ಟ್ ರೆಫ್ಯೂಜ್’ ಪುಸ್ತಕ, ಸಾಲು ಹಾಸಿಗೆಗಳ ನಡುವೆ ಒಂದು ಪೆಟ್ಟಿಗೆ ಇಡಲೂ ಜಾಗವಿಲ್ಲದ, ಗೋಡೆಗೆ ಒತ್ತಿದ ಕುರ್ಚಿಗಳಲ್ಲಿ ಜನ ಮಾಡಲು ಏನೂ ಇಲ್ಲದೆ ಕೂತಿದ್ದ ಆ ಬದುಕಿನ ದಾಖಲೆ. ಹೆಚ್ಚಿನ ಕಡೆ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ಆದರೂ ಅಲ್ಲಿ ಸೇರಿದವರು ತಮ್ಮ ನಂಟರಿಂದ, ಕೆಲಸದಿಂದ, ಏಕಾಂತದಿಂದ, ತಮ್ಮ ದಿನವನ್ನು ತಾವೇ ನಿರ್ಧರಿಸುವ ಸ್ವಾತಂತ್ರ್ಯದಿಂದ ದೂರವಾಗಿದ್ದರು.

ಇದು ಮುಪ್ಪಿನ ಸಹಜ ಸ್ಥಿತಿಯಲ್ಲ ಎಂಬುದಕ್ಕೆ ಆ ಹೊತ್ತಿಗಾಗಲೇ ಸಾಕ್ಷಿಯಿತ್ತು. 1935ರಲ್ಲಿ ಡಾ. ಮಾರ್ಜರಿ ವಾರನ್ ಅವರಿಗೆ ಪಶ್ಚಿಮ ಲಂಡನ್ನಿನಲ್ಲಿ 714 ಹಾಸಿಗೆಗಳ ಹಳೆಯ ದುಡಿಮೆ ಮನೆಯ ಆಸ್ಪತ್ರೆಯ ಹೊಣೆ ಬಂದಿತ್ತು. ಹಾಸಿಗೆ ಹಿಡಿದವರೆಂದು ಕೈಬಿಟ್ಟಿದ್ದ ರೋಗಿಗಳನ್ನು ಆಕೆ ಒಬ್ಬೊಬ್ಬರಾಗಿ ಪರೀಕ್ಷಿಸಿ, ಎಬ್ಬಿಸಿ ಕೂರಿಸಿ, ನಡೆಯುವ ಅಭ್ಯಾಸ ಮಾಡಿಸಿದಾಗ ಅನೇಕರು ಮತ್ತೆ ಕಾಲೂರಿ ನಡೆದರು, ಮನೆಗೂ ಮರಳಿದರು. ಅವರನ್ನು ಮಲಗಿಸಿದ್ದದ್ದು ರೋಗಕ್ಕಿಂತ ಹೆಚ್ಚಾಗಿ ಹಾಸಿಗೆಯೇ. 1959ರಲ್ಲಿ ಮನೋವೈದ್ಯ ರಸೆಲ್ ಬಾರ್ಟನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ದೀರ್ಘಕಾಲ ಆಸ್ಪತ್ರೆಯಲ್ಲಿರುವವರ ನಿರಾಸಕ್ತಿ, ಮೌನ, ಹೇಳಿದ್ದಕ್ಕೆಲ್ಲ ತಲೆಬಾಗುವ ಸ್ವಭಾವ ಇವು ಮೂಲ ಕಾಯಿಲೆಯ ಲಕ್ಷಣಗಳಲ್ಲ, ಸಂಸ್ಥೆಯೇ ಅಂಟಿಸಿದ ಕಾಯಿಲೆ ಎಂದು ಪುಸ್ತಕ ಬರೆದು ವಾದಿಸಿದರು.

ಒಂದು ಭೇಟಿ, ಒಂದು ಪತ್ರ

1965ರ ಜನವರಿಯಲ್ಲಿ ಬಾರ್ಬರಾ ರಾಬ್ ಎಂಬ ಮನಃಶಾಸ್ತ್ರ ಚಿಕಿತ್ಸಕಿ ಉತ್ತರ ಲಂಡನ್ನಿನ ಫ್ರಿಯರ್ನ್ ಆಸ್ಪತ್ರೆಗೆ ಹೋದರು. 1851ರಲ್ಲಿ ಕೋಲ್ನಿ ಹ್ಯಾಚ್ ಹುಚ್ಚಾಸ್ಪತ್ರೆ ಎಂಬ ಹೆಸರಿನಲ್ಲಿ ತೆರೆದಿದ್ದ ಈ ಕಟ್ಟಡದ ಮುಖ್ಯ ಓಣಿಯ ಉದ್ದವೇ ಅರ್ಧ ಕಿಲೋಮೀಟರಿಗೂ ಹೆಚ್ಚು. ಮನೋರೋಗ ಅಷ್ಟಾಗಿ ಇಲ್ಲದ ವೃದ್ಧರೂ ಬೇರೆಡೆ ಜಾಗವಿಲ್ಲದೆ ಇಂಥ ಆಸ್ಪತ್ರೆಗಳಿಗೆ ಬಂದು ಸೇರುತ್ತಿದ್ದರು. ಒಮ್ಮೆ ಬಂದವರು ಹೊರಗೆ ಹೋಗುವುದು ಅಪರೂಪ.

ರಾಬ್ ನೋಡಲು ಹೋದದ್ದು ಪರಿಚಯದ ವೃದ್ಧೆಯೊಬ್ಬರನ್ನು. ಅಲ್ಲಿನ ಹೆಂಗಸರಿಗೆಲ್ಲ ಒಂದೇ ರೀತಿ ಗಿಡ್ಡವಾಗಿ ಕತ್ತರಿಸಿದ ಕೂದಲು, ಆಸ್ಪತ್ರೆಯದೇ ಬಟ್ಟೆ. ಕನ್ನಡಕ, ಹಲ್ಲು, ಶ್ರವಣ ಯಂತ್ರ ಎಲ್ಲವೂ ಅವರಿಂದ ದೂರ. ಕೈಗೆ ಕೆಲಸವಿಲ್ಲ, ಕಣ್ಣಿಗೆ ಓದಿಲ್ಲ. ರಾಬ್ ಮನೆಗೆ ಬಂದು ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಮತ್ತೆ ಮತ್ತೆ ಹೋದರು. ಸಂಸತ್ತಿನ ಮೇಲ್ಮನೆಯ ಸದಸ್ಯ ಲಾರ್ಡ್ ಸ್ಟ್ರಬೋಲ್ಗಿ ಅವರನ್ನು ಕರೆದುಕೊಂಡು ಹೋಗಿ ತೋರಿಸಿದರು. ಅವರು ಅದೇ ವರ್ಷ ಸದನದಲ್ಲಿ ವಿಷಯ ಎತ್ತಿದರು.

ಇಂಥ ಪದ್ಧತಿ ಬೆಳೆಯಲು ಕ್ರೂರಿಗಳೇ ಬೇಕಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ವಾರ್ಡಿನಲ್ಲಿ ಜನ ಹೆಚ್ಚು, ದಾದಿಯರು ಕಡಿಮೆ. ಕನ್ನಡಕ ಇದ್ದರೆ ಒಡೆಯುತ್ತದೆ, ಕಳೆಯುತ್ತದೆ, ಯಾರದು ಯಾರಿಗೆ ಎಂಬ ಜಗಳವಾಗುತ್ತದೆ. ತೆಗೆದಿಟ್ಟರೆ ಆ ತಾಪತ್ರಯವಿಲ್ಲ. ಕೂದಲು ಗಿಡ್ಡವಿದ್ದರೆ ಬಾಚುವ ಕೆಲಸ ಉಳಿಯುತ್ತದೆ. ಬೇಗ ಮಲಗಿಸಿದರೆ ಮುಂದಿನ ಪಾಳಿಯವರಿಗೆ ಸುಲಭ. ಒಂದೊಂದು ನಿರ್ಧಾರಕ್ಕೂ ಒಂದೊಂದು ಕಾರಣ ಉಂಟು, ಪ್ರತಿಯೊಂದು ಕಾರಣವೂ ಸಣ್ಣದು. ಎಲ್ಲವೂ ಕೂಡಿದಾಗ ಉಳಿಯುವುದು ಹೆಸರಿಲ್ಲದ ಒಂದು ಸಾಲು ಜನ. ಹೊಸದಾಗಿ ಬಂದ ದಾದಿಗೆ ಮೊದಲ ವಾರ ಇದು ಕಸಿವಿಸಿ ಉಂಟುಮಾಡಬಹುದು. ಆರು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಒಳಗಿನ ಕಣ್ಣಿಗೆ ಕಾಣದ್ದು ಹೊರಗಿನಿಂದ ಬಂದವರ ಕಣ್ಣಿಗೆ ಬೀಳುವುದು ಈ ಕಾರಣದಿಂದಲೇ.

1965ರ ನವೆಂಬರ್ 10ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ರಾಬ್ ಮತ್ತು ಹಲವರು ಸಹಿ ಹಾಕಿದ ಪತ್ರ ಪ್ರಕಟವಾಯಿತು. ಲಾರ್ಡ್ ಸ್ಟ್ರಬೋಲ್ಗಿ, ಸಮಾಜ ನೀತಿಯ ವಿದ್ವಾಂಸ ಬ್ರಯನ್ ಏಬಲ್‌ಸ್ಮಿತ್, ಚಿತ್ರಕಾರ ಎಡ್ವರ್ಡ್ ಆರ್ಡಿಜೋನ್ ಸಹಿ ಹಾಕಿದವರಲ್ಲಿದ್ದರು. ವೃದ್ಧ ರೋಗಿಗಳ ಸ್ವಂತ ವಸ್ತುಗಳನ್ನು ಕಿತ್ತುಕೊಳ್ಳುವ ಪದ್ಧತಿಯನ್ನು ಖಂಡಿಸಿದ ಪತ್ರ, ಇಂಥ ಅನುಭವ ಬೇರೆಯವರಿಗೂ ಆಗಿದ್ದರೆ ಬರೆಯಿರಿ ಎಂದು ಕೋರಿತ್ತು. ನೂರಾರು ಪತ್ರಗಳು ಬಂದವು. ರೋಗಿಗಳ ಮಕ್ಕಳು ಬರೆದರು, ದಾದಿಯರು ಬರೆದರು, ಸಮಾಜ ಕಾರ್ಯಕರ್ತರು ಬರೆದರು. ಸರ್ಕಾರಿ ಸಂಸ್ಥೆಗಳಲ್ಲಿರುವ ವೃದ್ಧರ ನೆರವಿಗೆಂದು ‘ಏಜಿಸ್’ ಎಂಬ ಸಣ್ಣ ಸಂಘಟನೆ ಹುಟ್ಟಿತು.

ಈ ಸಾಕ್ಷ್ಯಗಳನ್ನು ಕೂಡಿಸಿ ರಾಬ್ 1967ರ ಜೂನ್ 30ರಂದು ಹೊರತಂದ ಪುಸ್ತಕದ ಹೆಸರು ‘ಸಾನ್ಸ್ ಎವೆರಿಥಿಂಗ್’. ಎಲ್ಲವನ್ನೂ ಕಳೆದುಕೊಂಡ ಸ್ಥಿತಿ ಎಂದು ಅದರ ಅರ್ಥ. ಷೇಕ್ಸ್‌ಪಿಯರ್ ನಾಟಕವೊಂದರಲ್ಲಿ ಮನುಷ್ಯನ ಏಳನೆಯ ಅವಸ್ಥೆಯನ್ನು ವರ್ಣಿಸುವಾಗ ಬರುವ ನುಡಿಯದು. ನಾಟಕದಲ್ಲಿ ಹಲ್ಲು, ಕಣ್ಣು ಹೋಗುವುದು ಕಾಲದ ಮಹಿಮೆಯಿಂದ. ರಾಬ್ ಪುಸ್ತಕದಲ್ಲಿ ಆಸ್ಪತ್ರೆಯ ನಿಯಮದಿಂದ. ಹೊಡೆತ, ಬೈಗುಳ, ಒರಟು ಸ್ನಾನ, ರೋಗಿಗಳ ಸಾಮಾನು ಕದಿಯುವುದು, ಇವೆಲ್ಲದರ ಬಗ್ಗೆಯೂ ದಾದಿಯರ ಹೇಳಿಕೆಗಳು ಅದರಲ್ಲಿದ್ದವು. ದೂರನ್ನು ಆಲಿಸಲು ಸ್ವತಂತ್ರ ಅಧಿಕಾರಿಯೊಬ್ಬ ಬೇಕು ಎಂಬ ಸಲಹೆಯೂ ಇತ್ತು.

ಎರಡು ವಿಚಾರಣೆಗಳು

ಆರೋಗ್ಯ ಸಚಿವ ಕೆನೆತ್ ರಾಬಿನ್ಸನ್ ವಿಚಾರಣೆಗೆ ಒಪ್ಪಿದರು. ಆದರೆ ವಿಚಾರಣಾ ಸಮಿತಿಗಳನ್ನು ನೇಮಿಸುವ ಕೆಲಸ ಹೋದದ್ದು ಪ್ರಾದೇಶಿಕ ಆಸ್ಪತ್ರೆ ಮಂಡಳಿಗಳಿಗೆ, ಎಂದರೆ ಅದೇ ಆಸ್ಪತ್ರೆಗಳನ್ನು ನಡೆಸುತ್ತಿದ್ದವರಿಗೆ. ಸಾಕ್ಷಿ ಹೇಳಿದವರಲ್ಲಿ ಅನೇಕರು ಕೆಳಹಂತದ ನೌಕರರು. ಅವರ ಎದುರಿಗೆ ನಿಂತವರು ಹಿರಿಯ ವೈದ್ಯರು, ಮೇಲ್ವಿಚಾರಕರು. ಹೊಡೆಸಿಕೊಂಡವರಲ್ಲಿ ಕೆಲವರು ತೀರಿಹೋಗಿದ್ದರು, ಉಳಿದವರ ನೆನಪು ಮಸುಕಾಗಿತ್ತು. 1968ರ ಜುಲೈನಲ್ಲಿ ಪ್ರಕಟವಾದ ವರದಿಯ ಸಾರ, ಬಹುಪಾಲು ಆರೋಪಗಳಿಗೆ ಆಧಾರವಿಲ್ಲ ಇಲ್ಲವೇ ಅವು ಅತಿಶಯೋಕ್ತಿಯವು ಎಂಬುದಾಗಿತ್ತು. ದೂರಿದವರೇ ಆರೋಪಿಗಳಂತೆ ನಿಲ್ಲಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ಪ್ರಕರಣ ನಡೆದಿತ್ತು. ರಾಬ್ ಪುಸ್ತಕ ಬಂದ ಎರಡೇ ತಿಂಗಳಲ್ಲಿ, 1967ರ ಆಗಸ್ಟ್‌ನಲ್ಲಿ, ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆ ಒಬ್ಬ ಸಹಾಯಕ ನೌಕರನ ದೂರನ್ನು ಪ್ರಕಟಿಸಿತು. ಅದು ವೇಲ್ಸ್‌ನ ಕಾರ್ಡಿಫ್ ನಗರದ ಈಲೀ ಆಸ್ಪತ್ರೆಗೆ ಸಂಬಂಧಿಸಿದ್ದು. ಅಲ್ಲಿದ್ದವರು ವೃದ್ಧರೆಂದಲ್ಲ, ಬುದ್ಧಿಮಾಂದ್ಯರು. ಆದರೆ ದೂರಿನ ಬಗೆ ಒಂದೇ. ಇಲ್ಲಿಯೂ ಸಮಿತಿ ನೇಮಕವಾದದ್ದು ಹೆಚ್ಚುಕಡಿಮೆ ಅದೇ ರೀತಿ. ವ್ಯತ್ಯಾಸ ಬಂದದ್ದು ಅಧ್ಯಕ್ಷರಿಂದ. ಮುಂದೆ ಬ್ರಿಟನ್ನಿನ ಹಣಕಾಸು ಸಚಿವರಾದ ವಕೀಲ ಜೆಫ್ರಿ ಹೋವ್, ಇಂಥ ಘಟನೆ ನಡೆಯಿತೇ ಎಂದು ಕೇಳಿ ಸುಮ್ಮನಾಗಲಿಲ್ಲ. ನಡೆಯಲು ಬಿಟ್ಟವರು ಯಾರು, ತಿಳಿದೂ ಸುಮ್ಮನಿದ್ದವರು ಯಾರು ಎಂದು ಮೇಲಿನವರೆಗೂ ಕೇಳಿದರು. ವರದಿಯನ್ನು ಮೊಟಕುಗೊಳಿಸದೆ ಪ್ರಕಟಿಸಬೇಕೆಂದೂ ಹಟ ಹಿಡಿದರು. ಅಷ್ಟು ಹೊತ್ತಿಗೆ ಸಚಿವರಾಗಿದ್ದ ರಿಚರ್ಡ್ ಕ್ರಾಸ್‌ಮನ್ 1969ರ ಮಾರ್ಚ್‌ನಲ್ಲಿ ಅದನ್ನು ಪೂರ್ಣವಾಗಿ ಹೊರಗಿಟ್ಟರು. ದೂರುಗಳು ಬಹುಮಟ್ಟಿಗೆ ನಿಜವೆಂದು ಸಾಬೀತಾಗಿದ್ದವು.

ರಾಬ್ ಜೊತೆ ಪತ್ರಕ್ಕೆ ಸಹಿ ಹಾಕಿದ್ದ ಏಬಲ್‌ಸ್ಮಿತ್ ಆಗ ಕ್ರಾಸ್‌ಮನ್ ಅವರ ಸಲಹೆಗಾರ. ಬಾಗಿಲ ಹೊರಗೆ ನಿಂತು ಕೂಗಿದವರ ಮಾತು ಈಗ ಒಳಮನೆಗೆ ತಲುಪಿತು. ಆಸ್ಪತ್ರೆಗಳಿಗೆ ಹೋಗಿ ನೋಡಿ ನೇರವಾಗಿ ಸಚಿವರಿಗೆ ವರದಿ ಮಾಡುವ ‘ಹಾಸ್ಪಿಟಲ್ ಅಡ್ವೈಸರಿ ಸರ್ವಿಸ್’ ಸ್ಥಾಪನೆಯಾಯಿತು. ರೋಗಿಗಳ ದೂರು ಕೇಳುವ ಸ್ವತಂತ್ರ ಆಯುಕ್ತ, ಅಂದರೆ ಓಂಬಡ್ಸ್‌ಮನ್ ಹುದ್ದೆ 1973ರಲ್ಲಿ ಬಂತು. ರಾಬ್ 1976ರಲ್ಲಿ ತೀರಿಕೊಂಡರು. ಫ್ರಿಯರ್ನ್ ಆಸ್ಪತ್ರೆ 1993ರಲ್ಲಿ ಮುಚ್ಚಿತು. ಅದೇ ಕಟ್ಟಡ ಆಮೇಲೆ ಸಿರಿವಂತರ ಅಪಾರ್ಟ್‌ಮೆಂಟುಗಳಾಗಿ ಮಾರಾಟವಾಯಿತು.

ಹೆಸರಿಲ್ಲದ ಅಪರಾಧಕ್ಕೆ ಒಂದು ಹೆಸರು

ಇಷ್ಟೆಲ್ಲ ಆದರೂ ಈ ಅನ್ಯಾಯಕ್ಕೆ ಒಂದು ಸರಿಯಾದ ಹೆಸರಿರಲಿಲ್ಲ. ಮಕ್ಕಳ ಮೇಲಿನ ಹಿಂಸೆಯನ್ನು ವೈದ್ಯಶಾಸ್ತ್ರ 1960ರ ದಶಕದ ಆರಂಭದಲ್ಲೇ ಗುರುತಿಸಿತ್ತು. ಬ್ರಿಟಿಷ್ ವೈದ್ಯಕೀಯ ಪತ್ರಿಕೆಗಳಲ್ಲಿ ‘ಅಜ್ಜಿಯನ್ನು ಬಡಿಯುವುದು’ ಎಂಬ ಒರಟು ಮಾತಿನಲ್ಲಿ ವೃದ್ಧರ ಮೇಲಿನ ಹಿಂಸೆ ಕಾಣಿಸಿಕೊಂಡದ್ದು 1975ರಲ್ಲಿ. 1993ರಲ್ಲಿ ಇದಕ್ಕೆಂದೇ ಒಂದು ಸಂಘಟನೆ ಬ್ರಿಟನ್ನಿನಲ್ಲಿ ಹುಟ್ಟಿತು. ಅದು ಕೊಟ್ಟ ವ್ಯಾಖ್ಯೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಸ್ವೀಕರಿಸಿತು. ನಂಬಿಕೆ ಇರಬೇಕಾದ ಸಂಬಂಧದಲ್ಲಿ ವೃದ್ಧರಿಗೆ ಹಾನಿ ಅಥವಾ ನೋವು ತರುವ ಯಾವುದೇ ಕೃತ್ಯ ದೌರ್ಜನ್ಯ. ಮಾಡಬೇಕಾದದ್ದನ್ನು ಮಾಡದಿರುವುದೂ ದೌರ್ಜನ್ಯವೇ ಎಂಬುದು ಅದರ ತಿರುಳು. ಕೊಡದೆ ಇಟ್ಟುಕೊಂಡ ಕನ್ನಡಕಕ್ಕೂ ಈ ಮಾತಿನಲ್ಲಿ ಜಾಗ ಸಿಕ್ಕಿತು.

1980ರ ದಶಕದಲ್ಲಿ ಖಾಸಗಿ ಆರೈಕೆ ಮನೆಗಳು ವೇಗವಾಗಿ ಹೆಚ್ಚಿದವು. ನೋಂದಣಿ, ತಪಾಸಣೆಗೆ 1984ರಲ್ಲಿ ಒಂದು ಕಾಯಿದೆ, 2000ದಲ್ಲಿ ಮತ್ತೊಂದು ಕಾಯಿದೆ ಬಂದವು. ಒಳಗಿನ ತಪ್ಪನ್ನು ಹೊರಗೆ ಹೇಳುವ ನೌಕರರಿಗೆ 1998ರ ಕಾಯಿದೆ ರಕ್ಷಣೆ ಕೊಟ್ಟಿತು. ಕಾನೂನು ಪುಸ್ತಕದ ಮಟ್ಟಿಗೆ ಹೆಚ್ಚಿನದೇನೂ ಬಾಕಿ ಉಳಿಯಲಿಲ್ಲ.

ಆದರೂ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗಾಸ್‌ಪೋರ್ಟ್ ಎಂಬ ಊರಿನ ಆಸ್ಪತ್ರೆಯಲ್ಲಿ ನಡೆದದ್ದು ಇದೇ ಕಾಲದಲ್ಲಿ. ಬೇರೆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳಲೆಂದು ಅಲ್ಲಿಗೆ ಬಂದ ವೃದ್ಧರಲ್ಲಿ ಅನೇಕರಿಗೆ ಅಗತ್ಯವಿಲ್ಲದಿದ್ದರೂ ತೀವ್ರ ನೋವುನಿವಾರಕಗಳನ್ನು ಸಿರಿಂಜ್ ಯಂತ್ರದ ಮೂಲಕ ಸತತವಾಗಿ ಕೊಡಲಾಗುತ್ತಿತ್ತು. 1991ರಲ್ಲೇ ಅಲ್ಲಿನ ದಾದಿಯರು ಈ ಬಗ್ಗೆ ಆತಂಕ ವ್ಯಕ್ತಪಡಿಸಿದ್ದರು. ಮೇಲಿನವರು ಅದನ್ನು ಶಮನಗೊಳಿಸಿ ಕೈಬಿಟ್ಟರು. ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳು ಪೊಲೀಸರಿಂದ ಹಿಡಿದು ಎಲ್ಲ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದರು. ಬಿಷಪ್ ಜೇಮ್ಸ್ ಜೋನ್ಸ್ ನೇತೃತ್ವದ ಸ್ವತಂತ್ರ ಮಂಡಳಿ 2018ರ ಜೂನ್‌ನಲ್ಲಿ ವರದಿ ಕೊಟ್ಟಾಗ ತಿಳಿದ ಲೆಕ್ಕ ಭಯಾನಕವಾಗಿತ್ತು. 1989ರಿಂದ 2000ದವರೆಗೆ 456 ರೋಗಿಗಳ ಆಯುಷ್ಯ ಹೀಗೆ ಮೊಟಕಾಗಿತ್ತು. ದಾಖಲೆ ಸಿಗದ ಇನ್ನೂ 200 ಮಂದಿಯ ಗತಿಯೂ ಇದೇ ಆಗಿರುವ ಸಂಭವವಿತ್ತು. ದಾದಿಯರ ಮೊದಲ ಎಚ್ಚರಿಕೆಗೂ ಈ ವರದಿಗೂ ನಡುವೆ 27 ವರ್ಷಗಳ ಅಂತರ.

ನೋಡಿಬರುವ ಹಕ್ಕು

ಕಾನೂನು, ತಪಾಸಕರು, ಆಯುಕ್ತರು ಎಲ್ಲರೂ ಬೇಕು. ಆದರೆ ತಪಾಸಕ ಬರುವುದು ಎಂದೋ ಒಂದು ದಿನ. ಆ ದಿನ ಹಾಸಿಗೆಯ ಹೊದಿಕೆ ಶುಭ್ರವಾಗಿರುತ್ತದೆ. ವಾರಕ್ಕೆರಡು ಸಲ ಬರುವ ಮಗಳಿಗೆ ಮಾತ್ರ ಅಮ್ಮನ ಕನ್ನಡಕ ಎಲ್ಲಿ ಹೋಯಿತು ಎಂದು ಕೇಳಬೇಕೆನ್ನಿಸುತ್ತದೆ. ಬಿಟ್ಟ ಊಟ, ತೋಳಿನ ಕಂದು ಗುರುತು, ಇದ್ದಕ್ಕಿದ್ದಂತೆ ಬಂದ ಮಂಪರು, ಇವೆಲ್ಲ ಕಡತಕ್ಕಿಂತ ಮೊದಲು ಬೀಳುವುದು ಅಂಥವರ ಕಣ್ಣಿಗೆ. 2014ರಲ್ಲಿ ಇಂಗ್ಲಿಷ್ ಲೇಖಕಿ ನಿಕ್ಕಿ ಜೆರಾರ್ಡ್ ಇಂಥದೊಂದು ಚಳವಳಿ ಆರಂಭಿಸಿದರು. ಮರೆವಿನ ಕಾಯಿಲೆಯಿದ್ದ ಅವರ ತಂದೆಯನ್ನು ಆಸ್ಪತ್ರೆಗೆ ಸೇರಿಸಿದಾಗ ಮನೆಯವರ ಭೇಟಿಗೆ ನಿರ್ಬಂಧವಿತ್ತು. ಕೆಲವೇ ವಾರಗಳಲ್ಲಿ ಅವರು ಗುರುತು ಸಿಗದಷ್ಟು ಕುಗ್ಗಿಹೋಗಿದ್ದರು. ಇಂಥ ರೋಗಿಯ ಜೊತೆಗಿರುವುದು ಮನೆಯವರ ಹಕ್ಕಾಗಬೇಕು ಎಂಬುದು ಅವರ ಬೇಡಿಕೆ.

2020ರಲ್ಲಿ ಕೋವಿಡ್ ಬಂದಾಗ ಆರೈಕೆ ಮನೆಗಳ ಬಾಗಿಲು ಹೊರಗಿನವರಿಗೆ ಪೂರ್ತಿ ಮುಚ್ಚಿತು. ಸೋಂಕು ತಡೆಯಲು ಕಾರಣವಿತ್ತು, ನಿಜ. ಕಿಟಕಿಯ ಗಾಜಿನ ಆಚೆ ನಿಂತು ಕೈಬೀಸುವ ಮಕ್ಕಳು ಯಾಕೆ ಒಳಗೆ ಬರುತ್ತಿಲ್ಲ ಎಂಬುದು ಮರೆವಿನ ಕಾಯಿಲೆಯವರಿಗೆ ಅರ್ಥವಾಗಲಿಲ್ಲ ಎಂಬುದೂ ನಿಜ. ಸೋಂಕು ಇಳಿದ ಮೇಲೂ ನಿರ್ಬಂಧ ಸಡಿಲಿಸಲು ಕೆಲವು ಮನೆಗಳು ಹಿಂಜರಿದಾಗ, ಭೇಟಿ ಎನ್ನುವುದು ಸಂಸ್ಥೆ ದಯಪಾಲಿಸುವ ಸೌಲಭ್ಯವೋ ಒಳಗಿರುವವರ ಹಕ್ಕೋ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು.

ಇಂಗ್ಲೆಂಡಿನಲ್ಲಿ ಅದಕ್ಕೆ ಕಾನೂನಿನ ಉತ್ತರ ಸಿಕ್ಕಿದ್ದು 2024ರ ಏಪ್ರಿಲ್ 6ರಂದು. ಆರೈಕೆ ಮನೆ ಮತ್ತು ಆಸ್ಪತ್ರೆಗಳಲ್ಲಿರುವವರು ತಮ್ಮವರನ್ನು ಕಾಣಲು ಅವಕಾಶ ಕೊಡುವುದು ಸಂಸ್ಥೆಗಳು ಪಾಲಿಸಲೇಬೇಕಾದ ಮೂಲ ನಿಯಮಗಳಲ್ಲಿ ಒಂದಾಯಿತು. ಅಸಾಧಾರಣ ಕಾರಣವಿಲ್ಲದೆ ಬಾಗಿಲು ಹಾಕುವಂತಿಲ್ಲ. ಲೂಯಿಸಾ ಟ್ವೈನಿಂಗ್ ದುಡಿಮೆ ಮನೆಯ ಬಾಗಿಲಿಗೆ ಮೊದಲು ಹೋದ 1853ರಿಂದ ಲೆಕ್ಕ ಹಾಕಿದರೆ ಇದಕ್ಕೆ ಹಿಡಿದದ್ದು 171 ವರ್ಷ. ಆಕೆ ಅಂದು ಕೇಳಿದ್ದು ಹಣವನ್ನಲ್ಲ, ಅಧಿಕಾರವನ್ನಲ್ಲ. ಒಳಗೆ ಹೋಗಿ, ಮುದುಕಿಯೊಬ್ಬಳ ಪಕ್ಕ ಕುಳಿತು, ಹೇಗಿದ್ದೀಯೆ ಎಂದು ವಿಚಾರಿಸುವ ಅನುಮತಿಯನ್ನು ಮಾತ್ರ.